ನೀರಿನ ಕಡೆಯಿಂದ

ಪ್ರಶ್ನೆ ಮೂರೇ ಇವೆ, ಓಯಾರ್ಸೊ ಮೇಡಂ, ಜಾಗ ಅರ್ಧ ಪುಟ.
ಏನು ಮಾಡಿದೆ, ಏನು ಕಲಿತೆ,
ಇನ್ನೊಮ್ಮೆ ಮಾಡಿದರೆ ಏನು ಬದಲಿಸುತ್ತೀ.
ಹಿಂಬದಿಗೂ ಬರೆಯುತ್ತಿದ್ದೇನೆ, ಕ್ಷಮಿಸಿ.

ಮಾರ್ಚಿನಲ್ಲಿ ಮಣ್ಣು.
ನಾನು ಬಟ್ಟಲು ಮಾಡಿದೆ, ನಿಕಾನೋರ್ ನಾಯಿ ಮಾಡಿದ.
ಒಳಗೆಲ್ಲೋ ಒಂದು ಗುಳ್ಳೆ ಗಾಳಿ ಉಳಿದಿತ್ತಂತೆ,
ಭಟ್ಟಿಯಲ್ಲಿ ನನ್ನದು ಢಮ್ಮೆಂದಿತು,
ಚೂರು ಸಿಡಿದು ಅವನ ನಾಯಿಯ ಬಾಲ ಹಾರಿತು.
ಎರಡು ದಿನ ಅವನು ಮಾತು ಬಿಟ್ಟ.
ಮೂರನೆಯ ದಿನ ಆ ಮೋಟು ನಾಯಿಗೆ ಹೆಸರಿಟ್ಟು
ತರಗತಿಗೆಲ್ಲ ತೋರಿಸಿದ.
ನನ್ನ ಹೆಸರು.

ಆಮೇಲೆ ಬಣ್ಣ. ನೆರಳಿಗೆ ಕಪ್ಪು ಬಳಿಯಬೇಡಿ ಎಂದಿರಿ,
ನೆರಳೊಳಗೆ ಏನಿದೆ ನೋಡಿ ಎಂದಿರಿ.
ನೋಡುತ್ತ ಕೂತು ಬಸ್ಸು ತಪ್ಪಿತು.
ಕಪ್ಪೆಚಿಪ್ಪಿನ ಒಳಮೈಯ ನೀಲಿ ಬೇಕಿತ್ತು ನನಗೆ:
ನೀಲಿಗೆ ನೇರಳೆ, ನೇರಳೆಗೆ ಬೂದಿ, ಬೂದಿಗೆ ಒಂದು ಹನಿ ಬಿಳಿ,
ಕೊನೆಗೆ ಕೆಸರು.
ಕೆಸರಿಗೆ ನೀವು ಆರು ಕೊಟ್ಟಿರಿ.
ಯಾಕೆಂದು ಇವತ್ತಿಗೂ ಗೊತ್ತಿಲ್ಲ,
ನೀಲಿ ಇನ್ನೂ ಚಿಪ್ಪಿನಲ್ಲೇ ಇದೆ.

ಹಾಳೆ ನೋಡದೆ ಗೆರೆ ಎಳೆಯುವ ಪಾಠಕ್ಕೆ
ಅಪ್ಪ ಸಿಕ್ಕಿದ.
ಸಾಲ್ಮನ್ ಪಂಜರಗಳ ಕೆಳಗೆ ಮುಳುಗಿ, ಬಲೆ ಹೊಲಿದು ಬಂದು
ಒಲೆಯ ಬದಿಗೆ ನಿದ್ದೆ ಹೋಗಿದ್ದ.
ಕಣ್ಣು ಅವನ ಮೇಲೆ, ಪೆನ್ಸಿಲ್ ತನ್ನ ಪಾಡಿಗೆ ತಾನು.
ಅಷ್ಟು ಹೊತ್ತು ಅವನ ಮುಖವನ್ನು ನಾನು ನೋಡಿದ್ದೇ ಇಲ್ಲ.
ಹಣೆಗೆ ಅಡ್ಡಲಾಗಿ ಮುಳುಗುಗನ್ನಡಕ ಒತ್ತಿದ ಬರೆ,
ಹುಬ್ಬಿನಲ್ಲಿ ಕೂತ ಉಪ್ಪು,
ಉಸಿರು ನಡುವೆ ನಿಂತು
ಮತ್ತೆ ಶುರುವಾಗುವ ರೀತಿ.
ನಿಂತಾಗ ನನ್ನ ಪೆನ್ಸಿಲೂ ನಿಂತಿತು.
ಕೊನೆಗೆ ನೋಡಿದರೆ ಒಂದು ಕಣ್ಣು ಕೆನ್ನೆಗಿಳಿದಿದೆ,
ಕಿವಿ ಮನೆ ಬಿಟ್ಟು ಹೋಗಿದೆ.
ಅಮ್ಮ ಸೂಪು ಆರುವ ತನಕ ನಕ್ಕಳು,
ನಕ್ಕು, ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದಳು,
ಸಕ್ಕರೆ ತೆಗೆಯುವಾಗೆಲ್ಲ ತನಗೆ ಕಾಣುವ ಹಾಗೆ,
ಬಂದವರಿಗೆ ಕಾಣದ ಹಾಗೆ.

ಲಿನೋ ಅಚ್ಚಿನ ಬಗ್ಗೆ ಬರೆಯದೆ ಬಿಡೋಣವೆಂದಿದ್ದೆ.
ನಮ್ಮ ದೋಣಿ ಕೆತ್ತಿದೆ,
ಪಕ್ಕೆಯ ಮೇಲೆ ಅಜ್ಜಿಯ ಹೆಸರು, ರೊಸಾಲ್ಬಾ.
ಉಳಿ ಜಾರಿ ಹೆಬ್ಬೆರಳು ಕೊಯ್ದು, ಪಟ್ಟಿಯ ಮೇಲೂ ಶಾಯಿ.
ಅಕ್ಷರ ಉಲ್ಟಾ ಕೆತ್ತಿ ಎಂದು ನೀವು ಎರಡು ಸಲ ಹೇಳಿದ್ದಿರಿ,
ನಾನು ಕಿಟಕಿಯಾಚೆ ನೋಡುತ್ತಿದ್ದೆ. ಆಚೆ ದೋಣಿ ಇತ್ತು.
ಹಾಳೆ ಎತ್ತಿದೆ: ಅಜ್ಜಿ ಹಿಂದುಮುಂದು.
ಏಳಕ್ಕೆ ನಾಲ್ಕು ಬಿಂದು ಮೂರು.

ಮುದುಡಿ ಸೌದೆ ಪೆಟ್ಟಿಗೆಗೆ ತುರುಕಿದ್ದೆ.
ಒಲೆಗೆ ಹಾಕುವ ಮೊದಲು ಅಪ್ಪ ಬಿಡಿಸಿದ,
ಹಾಗೆ ಹಿಡಿದ, ಹೀಗೆ ಹಿಡಿದ,
ತಲೆಕೆಳಗು ಮಾಡಿ ಹಿಡಿದು
ಹೂಂ ಎಂದ. ಸರಿಯಾಗೇ ಇದೆಯಲ್ಲ,
ಅಲೆ ಏಳದ ಬೆಳಗು ಕಟ್ಟೆಯ ಮೇಲೆ ಕೂತು
ರಬ್ಬರ್ ಉಡುಪು ಏರಿಸುತ್ತ
ನಾನು ಓದುವುದು ಹೀಗೇ,
ನೀರಿನಲ್ಲಿ.

ನಂಬಲಿಲ್ಲ. ಶನಿವಾರ ಹೋದೆ.
ಕೆಮ್ಚಿಯ ಕಡಲು ದಿನಕ್ಕೆರಡು ಸಲ ಊರು ಬಿಟ್ಟು ಹೋಗುತ್ತದೆ,
ನಾನು ಹೋದಾಗ ನೀರೇ ಇರಲಿಲ್ಲ,
ದೋಣಿ ಕೆಸರಲ್ಲಿ ಒರಗಿ ಮಲಗಿತ್ತು.
(ಆ ಕೆಸರು ಗುರುತು ಸಿಕ್ಕಿತು ಮೇಡಂ, ಆರು ಅಂಕದ್ದು.)
ಕಾದೆ. ಊಟ ತಪ್ಪಿತು.
ನೀರು ಬಂತು, ದೋಣಿ ಎದ್ದಿತು,
ಅದರಡಿಯಲ್ಲಿ ಅಜ್ಜಿ
ತಲೆಕೆಳಗಾಗಿ, ನಡುಗುತ್ತ,
ಆದರೂ ಎಡದಿಂದ ಬಲಕ್ಕೆ, ಒಂದಕ್ಷರ ತಪ್ಪದೆ.

ಏನೂ ಬದಲಿಸುವುದಿಲ್ಲ ಎಂದು ಬರೆದರೆ
ಸೋಮಾರಿ ಎನ್ನುತ್ತೀರಿ. ಬರೆಯುತ್ತೇನೆ:
ಮಣ್ಣನ್ನು ಇನ್ನಷ್ಟು ಹೊತ್ತು ನಾದುತ್ತೇನೆ.
ನಿಕಾನೋರನ ನಾಯಿಗೆ ಬಾಲ ಮಾಡಿಕೊಡುತ್ತೇನೆ,
ಹೆಸರು ವಾಪಸ್ ಕೊಟ್ಟರೆ.
ಅಚ್ಚನ್ನು ಪ್ರದರ್ಶನಕ್ಕೆ ಮತ್ತೆ ತಂದಿದ್ದೇನೆ, ಸುಕ್ಕು ಹೋಗಿಲ್ಲ.
ಅಂಕ ತಿದ್ದಿ ಎಂದು ಕೇಳುತ್ತಿಲ್ಲ.
ಗೋಡೆಗೆ ಹಾಕುವಾಗ ಯಾವ ತುದಿ ಮೇಲೆಂದು
ಹಿಂದೆ ಬಾಣದ ಗುರುತು ಹಾಕಿದ್ದೇನೆ,
ದಯವಿಟ್ಟು ನೋಡಿ.

ಸಾಯೆನ್ ಬಾರ್ರಿಯಾ, ಬಿ ವಿಭಾಗ